ಕಾಲುಂಗುರಕ್ಕೂ ಕೂಗುತ್ತಿದ್ದ ಯಂತ್ರ

ನಮ್ಮ ಇಟ್ಟಮಡುವಿನ ಮುಖ್ಯರಸ್ತೆಯ ತಿರುವಿನಲ್ಲಿ ಈಚೆಗೆ ಕರಾವಳಿಯವರೊಬ್ಬರು ಅಂಗಡಿ ತೆರೆದಿದ್ದಾರೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಹಲಸಿನ ಹಪ್ಪಳದ ಜೊತೆಗೆ ಒಣಮೀನನ್ನೂ ಮಾರುತ್ತಾರೆ. ಬಿಸಿಲೇರಿದ ಮೇಲೆ ಅದರ ವಾಸನೆ ನಮ್ಮ ಮೊದಲ ಮಹಡಿಯವರೆಗೂ ಬರುತ್ತದೆ. ನಿಮ್ಮಮ್ಮ ರೂಪ ಕಿಟಕಿಗಳನ್ನೆಲ್ಲ ಮುಚ್ಚಿ ಊದುಬತ್ತಿ ಹಚ್ಚುತ್ತಾಳೆ. ನಾನು ನನ್ನ ಕೋಣೆಯ ಕಿಟಕಿಯನ್ನು ಮುಚ್ಚುವುದಿಲ್ಲ. ಮೊನ್ನೆ ಸುಹಾಸ ಮೂಗು ಹಿಡಿದುಕೊಂಡೇ ಒಳಗೆ ಬಂದು, "ಅಜ್ಜಿ, ನಿಂಗೆ ಸ್ಮೆಲ್ ಬರಲ್ವಾ?" ಎಂದು ಕೇಳಿದ.

"ಬರುತ್ತೆ ಕಂದ" ಎಂದಷ್ಟೇ ಹೇಳಿದೆ. ಉಳಿದದ್ದನ್ನು ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ. ತಿಪಟೂರಿನ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ. ಸ್ಲೇಟಿನ ಮೇಲೆ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ. ಈಗಲೂ ಹಾಗೆಯೇ, ಮೊಮ್ಮಕ್ಕಳಾದ ನಿಮಗೆಂದು ಬರೆದಿಡುತ್ತಿದ್ದೇನೆ. ಮಾನ್ಯಾಗೆ ಇನ್ನೂ ಅಕ್ಷರ ಬರುವುದಿಲ್ಲ. ಬಂದಾಗ ಅಣ್ಣನಿಂದ ಇಸಿದುಕೊಂಡು ಓದಲಿ.

ಆ ವಾಸನೆ ನನಗೆ ಒಂದು ವರ್ಷದ ವಾಸನೆ. ಕೊರೊನಾ ಕಳೆದು ಜನ ಮತ್ತೆ ಮಾಸ್ಕ್ ಬಿಟ್ಟು ಓಡಾಡತೊಡಗಿದ ವರ್ಷ, ನಿಮ್ಮ ತಾತ ನಿವೃತ್ತರಾದ ವರ್ಷ. ಆಗ ಇಟ್ಟಮಡುವಿನ ಈ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಿಮ್ಮಪ್ಪ ಶಶಿ, ನಿಮ್ಮಮ್ಮ ಮತ್ತು ಸುಹಾಸ ಜೆ.ಪಿ. ನಗರದಲ್ಲಿ ಬಾಡಿಗೆಗಿದ್ದರು. ಮಾನ್ಯಾ ಇನ್ನೂ ಹುಟ್ಟಿರಲಿಲ್ಲ.

ನಿಮ್ಮ ತಾತ ಮಹದೇವಯ್ಯನವರು ಜೀವಮಾನವೆಲ್ಲ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ತಗಡು ಒತ್ತಿದವರು. ಆ ಯಂತ್ರಗಳ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. ದಪ್ಪ ಸದ್ದು ಕೇಳಿಸುತ್ತಿತ್ತು. ಕುಕ್ಕರಿನ ಸೀಟಿ, ಗುಬ್ಬಿಯ ಚಿಲಿಪಿಲಿ ಕೇಳಿಸುತ್ತಿರಲಿಲ್ಲ. ನಿವೃತ್ತರಾದ ಗಂಡಸರೆಲ್ಲ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡುತ್ತಾರೆ. ಕಿವಿ ಕೇಳದವರಿಗೆ ಅಲ್ಲೇನು ಕೆಲಸ? ಇವರು ಮನೆಯಲ್ಲೇ ಕೂತು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರು. ಯಾವುದೋ ದೇಶದ ಸಮುದ್ರದ ದಂಡೆಯಲ್ಲಿ ಒಬ್ಬ ಬಿಳಿಯ ಮುದುಕ ಕೋಲಿನಂಥದ್ದನ್ನು ಬೀಸುತ್ತಾ ನಡೆಯುತ್ತಾನೆ, ಬಗ್ಗಿ ಮರಳು ತೋಡುತ್ತಾನೆ, ಚಿನ್ನದ ಉಂಗುರವನ್ನು ಎತ್ತಿ ತೋರಿಸುತ್ತಾನೆ. ಅದನ್ನೇ ದಿನವಿಡೀ ನೋಡುತ್ತಿದ್ದರು. ಕಡೆಗೊಂದು ದಿನ ಕಾರ್ಖಾನೆಯ ಗೆಳೆಯರೊಬ್ಬರ ಅಳಿಯ ವಿದೇಶದಿಂದ ಬರುವಾಗ ಅಂಥದ್ದೇ ಯಂತ್ರವನ್ನು ತಂದುಕೊಟ್ಟ. ಉದ್ದನೆಯ ಹಿಡಿ, ಹಿಡಿಯ ಮೇಲೊಂದು ಡಬ್ಬಿ, ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಕಪ್ಪು ಚಕ್ರ.

"ಇದು ಪಲ್ಸ್ ಇಂಡಕ್ಷನ್ ಕಣೇ ಶಿವಮ್ಮ" ಎಂದರು, ಹೊಸ ಸೊಸೆಯ ಹೆಸರು ಹೇಳುವಂತೆ. "ಮಾಮೂಲಿ ಮಿಷನ್ನು ಉಪ್ಪು ನೀರು ಕಂಡ್ರೆ ತಲೆಕೆಟ್ಟೋರಂಗೆ ಕೂಗುತ್ತೆ. ಇದು ಹಂಗಲ್ಲ. ಒಂದ್ಸಲ ಕರೆಂಟ್ ಹೊಡೆದು ಸುಮ್ನಾಗುತ್ತೆ. ಆಮೇಲೆ ಕೇಳಿಸ್ಕೊಳ್ಳುತ್ತೆ. ಕೆಳಗೆ ಲೋಹ ಇದ್ರೆ ಅದರ ದನಿ ಒಂದು ಗಳಿಗೆ ಉಳಿದಿರುತ್ತೆ."

"ಬಾವಿಗೆ ಕೂಗಿ ಕಿವಿ ಕೊಟ್ಟಂಗಾ?"

"ಹ್ಞೂ, ಹಂಗೇ ಅಂದ್ಕೋ. ಒಂದು ಸೆಕೆಂಡಿಗೆ ನೂರಾರು ಸಲ ಕೂಗಿ ನೂರಾರು ಸಲ ಕಿವಿ ಕೊಡುತ್ತೆ. ಇದಕ್ಕಿರೋದು ಒಂದೇ ದೋಷ. ಚಿನ್ನ ಯಾವುದು, ತುಕ್ಕು ಮೊಳೆ ಯಾವುದು ಅಂತ ಗೊತ್ತಾಗಲ್ಲ. ಎಲ್ಲದಕ್ಕೂ ಕೂಗುತ್ತೆ. ಕೂಗಿದ ಕಡೆ ಎಲ್ಲ ತೋಡ್ಬೇಕು."

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: "ಗೌರಕ್ಕಂಗೆ ಹೇಳ್ಬೇಡ. ಬೀಗರ ಕಿವಿಗಂತೂ ಬೀಳಲೇಬಾರದು. ದೊಡ್ಡದೇನಾದ್ರೂ ಸಿಕ್ಕಿದ ದಿನ ನಾನೇ ಹೇಳ್ತೀನಿ."

ಗೌರಮ್ಮ ಅವರ ಅಕ್ಕ, ಚಿಕ್ಕಲಸಂದ್ರದಲ್ಲಿದ್ದಾರೆ, ನಿಮಗೆ ಗೊತ್ತು. ಬೀಗರೆಂದರೆ ನಿಮ್ಮಮ್ಮನ ತಂದೆ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾಗಿ ಜಯನಗರದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡವರು. ಅವರ ಮುಂದೆ ನಿಮ್ಮ ತಾತ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದರು. ಮರಳಿನಲ್ಲಿ ಚಿನ್ನ ಹುಡುಕುವ ಮುದುಕ ಎಂದು ಅವರ ಬಾಯಿಗೆ ಬೀಳುವುದು ಇವರಿಗೆ ಬೇಡವಾಗಿತ್ತು. ಶಶಿಗೆ ಮಾತ್ರ ನಿಜ ಹೇಳಿದರು. ರೂಪಳಿಗೂ ಹೇಳಕೂಡದೆಂದು ಅವನಿಂದ ಮಾತು ತೆಗೆದುಕೊಂಡರು.

ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ರಸ್ತೆ ಬದಿಗೆ ಸುರಿದಿದ್ದ ಮರಳಿನ ಗುಡ್ಡೆಯಲ್ಲಿ ನನ್ನ ಉಂಗುರವನ್ನು ಹೂತಿಟ್ಟು ಹುಡುಕುವ ಅಭ್ಯಾಸ ಶುರುವಾಯಿತು. ಕೆಳಗಿನ ಮನೆಯ ಹುಡುಗ ನಾಗರಾಜ ಬೈಕ್ ನಿಲ್ಲಿಸಿ, "ಏನ್ ಅಂಕಲ್, ಬಾಂಬ್ ಸ್ಕ್ವಾಡ್ ಸೇರ್ಕೊಂಡ್ರಾ?" ಎಂದ.

"ಪೈಪ್ ಎಲ್ಲಿ ಹೋಗಿದೆ ನೋಡ್ತಿದೀನಪ್ಪ."

ಅದೇ ತಪ್ಪಾಯಿತು. ಮರು ಭಾನುವಾರ ಅವನು ಬಾಗಿಲಿಗೆ ಬಂದು ನಿಂತ. "ನಮ್ ಭಾವನ ಸೈಟಲ್ಲಿ ಹಳೇ ಪೈಪ್ ಎಲ್ಲಿದೆ ಗೊತ್ತಾಗ್ತಿಲ್ಲ ಅಂಕಲ್, ಒಂಚೂರ್ ಬನ್ನಿ." ಆಡಿದ ಮಾತಿಗೆ ಕಟ್ಟುಬಿದ್ದು ಹೋದರು. ಪೈಪನ್ನು ಹುಡುಕಿಯೂ ಕೊಟ್ಟರು. ಬರುವಾಗ ಕೈಯಲ್ಲಿ ಒಂದು ಪೊಟ್ಟಣ ಮೈಸೂರುಪಾಕು. ಆ ದಿನ ನಾವಿಬ್ಬರೂ ನಕ್ಕಷ್ಟು ಮದುವೆಯಾದಾಗಿನಿಂದ ನಕ್ಕಿರಲಿಲ್ಲ.

ದಪ್ಪ ಪೈಪಿನ ಕೂಗು ಅವರಿಗೆ ಕೇಳಿಸುತ್ತಿತ್ತು. ಉಂಗುರದ ಕೂಗು ಕೇಳಿಸುತ್ತಿರಲಿಲ್ಲ. ಅದು ಸಣ್ಣ ದನಿ, ಎಳೆಗರು ಮೂಗಿನಲ್ಲಿ ರಾಗ ಎಳೆದಂತೆ. ಉಂಗುರದ ಮೇಲೆಯೇ ಚಕ್ರ ಆಡಿಸಿ ಮುಂದೆ ಹೋಗಿಬಿಡುತ್ತಿದ್ದರು. ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತಾ ಕೂತಿದ್ದ ನಾನು, "ಅಲ್ಲೇ ಕೂಗ್ತಲ್ಲ ರೀ" ಎಂದೆ. ಅವರು ನಿಂತು ನನ್ನನ್ನು ನೋಡಿದರು. ಇನ್ನೊಮ್ಮೆ ಆಡಿಸಿದರು. "ಈಗ?" "ಈಗಲೂ ಕೂಗ್ತು." ಒಳಗೆ ಹೋಗಿ ಹೆಡ್‌ಫೋನ್ ತಂದು ನನ್ನ ಕಿವಿಗೆ ಹಾಕಿದರು. ಜೀವನದಲ್ಲಿ ಮೊದಲ ಸಲ ಅವರಿಗೆ ನನ್ನ ಕಿವಿ ಬೇಕಾಗಿತ್ತು.

ಮಳೆಗಾಲ ಮುಗಿಯಲೆಂದು ಕಾದರು. ಮಳೆಗಾಲದ ಅಲೆಗಳು ದಂಡೆಯ ಮೇಲಿನ ಮರಳನ್ನು ಎಳೆದುಕೊಂಡು ಹೋಗುತ್ತವೆ, ಭಾರದ್ದೆಲ್ಲ ಕೆಳಗೆ ಉಳಿಯುತ್ತದೆ, ಆಗ ಹೋದರೆ ಸಿಗುತ್ತದೆ ಎಂದು ವಿಡಿಯೋದ ಮುದುಕ ಹೇಳಿದ್ದನಂತೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಕಡಲು ಎಲ್ಲ ದಿನಕ್ಕಿಂತ ಹೆಚ್ಚು ಹಿಂದೆ ಸರಿಯುತ್ತದೆ ಎಂಬುದನ್ನೂ ತಿಳಿದುಕೊಂಡಿದ್ದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ ನೋಡುವವರ ನಡುವೆ ನಾವು ಅಮಾವಾಸ್ಯೆ ಹುಡುಕಿ ಹೊರಡುವವರಾದೆವು. ಮೊದಲು ಸಿಕ್ಕಿದ್ದೇ ಪಿತೃಪಕ್ಷದ ಅಮಾವಾಸ್ಯೆ. ದೇವರ ದರ್ಶನಕ್ಕೆ ಕರಾವಳಿಗೆ ಹೋಗುತ್ತೇವೆ ಎಂದು ಅಕ್ಕನಿಗೆ ಸುಳ್ಳು ಹೇಳಿದರು.

"ಪಿತೃಪಕ್ಷದ ಅಮಾವಾಸ್ಯೆ ದಿನ ಹೆಂಡ್ತೀನ ಕಟ್ಕೊಂಡು ಯಾರಾದ್ರೂ ದೂರ ಹೊರಡ್ತಾರೇನೋ ಮಾದೇವ?" ಎಂದು ಗೌರಮ್ಮ ಫೋನಿನಲ್ಲಿ ಕೂಗಿದ್ದು ನನಗೂ ಕೇಳಿಸಿತು. ಕಿವಿ ಕೇಳದ ತಮ್ಮನಿಗೆ ಕೂಗಿ ಕೂಗಿ ಅವರಿಗೆ ಗಂಟಲೇ ಹಾಗಾಗಿಬಿಟ್ಟಿದೆ.

"ದೇವರಿಗೆ ಯಾವ ಅಮಾವಾಸ್ಯೆ ಅಕ್ಕ" ಎಂದು ಇವರು ಫೋನ್ ಇಟ್ಟರು.

ಆ ಮೊದಲ ಸಲ ನಿಮ್ಮಪ್ಪನೇ ಕಾರಿನಲ್ಲಿ ಕರೆದುಕೊಂಡು ಹೋದ. ನಾವು ಮೂವರೇ. ಮಲ್ಪೆಯನ್ನು ದಾಟಿ ಉತ್ತರಕ್ಕೆ ಒಂದು ಸಣ್ಣ ದಂಡೆ. ಹಿಂದಿನ ಸಂಜೆಯೇ ಹೋಗಿ ಅಲ್ಲೊಂದು ಮನೆಯಲ್ಲಿ ತಂಗಿದ್ದೆವು. ಬೆಳಕು ಹರಿಯುವ ಹೊತ್ತಿಗೆ ದಂಡೆಗೆ ಇಳಿದರೆ ಕಡಲು ಎಲ್ಲೋ ದೂರ ಹೋಗಿ ಕೂತಿತ್ತು. ಒದ್ದೆ ಮರಳು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಬಲೆ ಹಾಸಿ ಮೀನು ಒಣಗಿಸಿದ್ದರು. ಮೊದಲು ವಾಂತಿ ಬರುವಂತಾಯಿತು. ಸೆರಗು ಮೂಗಿಗೆ ಹಿಡಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಲು ಎರಡು ಕೈಯೂ ಬೇಕಾದ್ದರಿಂದ ಸೆರಗು ಬಿಡಬೇಕಾಯಿತು. ಸ್ವಲ್ಪ ಹೊತ್ತಿಗೆ ವಾಸನೆ ಮರೆತೇಹೋಯಿತು.

ಹೆಡ್‌ಫೋನಿನ ತಂತಿ ಯಂತ್ರದ ಡಬ್ಬಿಗೆ ಸೇರಿತ್ತು. ತಂತಿ ಗಿಡ್ಡ. ಅವರು ಯಂತ್ರ ಬೀಸುತ್ತಾ ನಡೆದರೆ ನಾನು ಪಕ್ಕದಲ್ಲೇ ಅಂಟಿಕೊಂಡಂತೆ ನಡೆಯಬೇಕು. ಒಂದು ಹೆಜ್ಜೆ ಇಟ್ಟೆ, ಯಂತ್ರ ಕೂಗಿತು. ಇನ್ನೊಂದು ಇಟ್ಟೆ, ಮತ್ತೆ ಕೂಗಿತು. "ಇಲ್ಲಿ ಕೂಗ್ತಿದೆ ರೀ" ಎಂದೆ. ಅವರು ತೋಡಿದರು. ಏನೂ ಇಲ್ಲ. ಮುಂದೆ ಹೋದೆವು, ಕೂಗಿತು. ತೋಡಿದರು, ಏನೂ ಇಲ್ಲ. ಬಂಡೆಯ ಮೇಲೆ ಕೂತಿದ್ದ ಶಶಿಗೆ ನಗು ತಡೆಯಲಾಗಲಿಲ್ಲ.

"ಅಪ್ಪಾ, ಅಮ್ಮನ ಕಾಲು ನೋಡಿ. ಕಾಲುಂಗುರಕ್ಕೆ ಕೂಗ್ತಿದೆ."

ಹೌದು, ಚಕ್ರ ನನ್ನ ಕಡೆ ಬಂದಾಗಲೆಲ್ಲ ಬೆಳ್ಳಿಯ ಕಾಲುಂಗುರಗಳನ್ನು ಮುಟ್ಟಿ ಮುಟ್ಟಿ ಹೋಗುತ್ತಿತ್ತು.

"ತೆಗೆದಿಡು" ಎಂದರು ನಿಮ್ಮ ತಾತ.

ನಾನು ಬಗ್ಗಿ ಕಾಲುಂಗುರಗಳನ್ನು ನೋಡಿದೆ. ಮದುವೆಯ ದಿನ ಹಾಕಿದ್ದು. ಎರಡು ಹೆರಿಗೆಗೂ ತೆಗೆದಿರಲಿಲ್ಲ. ಎರಡನೆಯ ಮಗು ಉಳಿಯಲಿಲ್ಲ, ಆಗ ಆಸ್ಪತ್ರೆಯಲ್ಲಿ ನರ್ಸು ತೆಗೆಯಿರಿ ಎಂದಾಗಲೂ ತೆಗೆದಿರಲಿಲ್ಲ.

"ಹಂಗೆಲ್ಲ ತೆಗೀಬಾರದು ರೀ."

"ಯಾರಿಗೋಸ್ಕರ ಹಾಕ್ಕೊಂಡಿರೋದು ಅದನ್ನ? ನಂಗೋಸ್ಕರ ತಾನೇ? ನಾನೇ ಹೇಳ್ತಿದೀನಲ್ಲ."

"ನಿಮ್ ಕರಡಿಗೆನೂ ಬೆಳ್ಳೀದೇ" ಎಂದೆ. ಲಿಂಗದ ಕರಡಿಗೆ ಅವರ ಎದೆಯ ಮೇಲೆ ತೂಗುತ್ತಿತ್ತು.

"ಅದು ಎದೆ ಮೇಲಿದೆ. ಮಿಷನ್ ನೆಲ ನೋಡ್ತಿದೆ." ಅವರ ಲೆಕ್ಕ ಸರಿಯಾಗಿಯೇ ಇತ್ತು. ತಾಳಿಯನ್ನೂ ಅವರು ಕೇಳಲಿಲ್ಲ. ಅದೂ ನೆಲದಿಂದ ಮೇಲಿತ್ತು.

ಎಳೆದರೆ ಉಂಗುರಗಳು ಬರಲಿಲ್ಲ. ಬೆರಳು ಊದಿ ಅವು ಒಳಗೆ ಕೂತುಬಿಟ್ಟಿದ್ದವು. ನಿಮ್ಮ ತಾತ ಒದ್ದೆ ಮರಳಿನ ಮೇಲೆ ಮೊಣಕಾಲೂರಿ ಕೂತರು. ಶಶಿ ಕಾರಿನಿಂದ ತಲೆಗೆ ಹಚ್ಚುವ ಎಣ್ಣೆ ತಂದುಕೊಟ್ಟ. ಮದುವೆಯಲ್ಲಿ ನನ್ನ ಕಾಲು ಹಿಡಿದು ಅವನ್ನು ತೊಡಿಸಿದ್ದವರು ಅವರೇ. ಈಗ ಎಣ್ಣೆ ಸವರಿ, ತಿರುಗಿಸಿ ತಿರುಗಿಸಿ, ಒಂದೊಂದಾಗಿ ತೆಗೆದವರೂ ಅವರೇ. ತೆಗೆದು ಮಗನ ಕೈಗಿಟ್ಟರು. ಅವನು ಅಂಗಿಯ ಜೇಬಿಗೆ ಹಾಕಿಕೊಂಡು, "ಆಯ್ತಲ್ಲಮ್ಮ, ಈಗ ಆರಾಮಾಗಿ ನಡಿ" ಎಂದ. ಉಂಗುರವಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಮಗುವಿನ ಚರ್ಮದಂತೆ ಮೆತ್ತಗಿತ್ತು. ಉಪ್ಪುನೀರು ತಾಗಿ ಉರಿಯಿತು.

ಈ ಭಾಗವನ್ನು ಇಷ್ಟು ಬಿಡಿಸಿ ಬರೆದದ್ದು ಏಕೆಂದು ಮುಂದೆ ನಿಮಗೆ ತಿಳಿಯುತ್ತದೆ. ಅಲ್ಲಿದ್ದದ್ದು ನಾವು ಮೂವರು. ಅದನ್ನು ನೆನಪಿಟ್ಟುಕೊಳ್ಳಿ.

ಆಮೇಲಿನ ತಿಂಗಳುಗಳಲ್ಲಿ ನಾವಿಬ್ಬರೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ನಾನು ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತಿದ್ದೆ. ಆ ಊರಿನ ಹೋಟೆಲುಗಳಲ್ಲಿ ನೀರು ಕುಡಿಯಲೂ ನನಗೆ ಹಿಂಜರಿಕೆ. ಯಂತ್ರವನ್ನು ಬಿಚ್ಚಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅವರು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ದಂಡೆಯನ್ನು ಕಾಯುತ್ತಿದ್ದ ಒಬ್ಬ ಯುವಕ ಮೊದಲ ಸಲ ನಮ್ಮನ್ನು ತಡೆದು, "ಎಂತ ಹುಡುಕುದು ಮಾರ್ರೆ? ಅಮ್ಮನ ಕಿವಿಗೆ ಎಂತ ಕಟ್ಟಿದ್ದು?" ಎಂದಿದ್ದ.

"ಇವಳ ಬೆಂಡೋಲೆ ಬಿದ್ದೋಯ್ತಪ್ಪ."

ಮುಂದಿನ ತಿಂಗಳು ಅವನು ದೂರದಿಂದಲೇ, "ಬೆಂಡೋಲೆ ಇನ್ನೂ ಸಿಗ್ಲಿಲ್ವಾ ಅಮ್ಮ?" ಎಂದು ಕೂಗಿದ. ಅದರ ಮುಂದಿನ ತಿಂಗಳು ನನ್ನ ಎರಡೂ ಕಿವಿಗಳನ್ನು ನೋಡಿ, "ಎರಡೂ ಉಂಟಲ್ಲ, ಮೂರನೇದಾ?" ಎಂದ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ.

ಹೆಡ್‌ಫೋನಿನೊಳಗೆ ಕಡಲಿನ ಸದ್ದು ಇರಲಿಲ್ಲ. ಒಂದು ಸಣ್ಣ ಗುಂಯ್ ಎನ್ನುವ ದನಿ, ಅಷ್ಟೇ. ಅದು ಎಲ್ಲಿ ಏರುತ್ತದೆ ಎಂದು ಕಾಯಬೇಕು. ದಿನ ಕಳೆದಂತೆ ನನಗೆ ದನಿಗಳ ಗುರುತು ಸಿಕ್ಕಿತು. ತಲೆಯ ಪಿನ್ನು ಎರಡೆರಡು ಸಲ ಕೂಗುತ್ತದೆ. ಬಾಟಲಿಯ ಮುಚ್ಚಳ ಅಗಲವಾಗಿ ಕೂಗುತ್ತದೆ. ಬಲೆಗೆ ಕಟ್ಟುವ ಸೀಸದ ಗುಂಡು ಚಿನ್ನದಂತೆಯೇ ಕೂಗಿ ಮೋಸ ಮಾಡುತ್ತದೆ. ನಿಮ್ಮ ತಾತ ಪ್ರತಿ ಬೀಸಿಗೂ ನನ್ನ ಮುಖ ನೋಡುತ್ತಿದ್ದರು. "ಏನು?" ಎನ್ನುತ್ತಿದ್ದರು. ನಾನು "ತೋಡಿ" ಎಂದರೆ ತೋಡುತ್ತಿದ್ದರು, "ಬೇಡ, ನಡೀರಿ" ಎಂದರೆ ನಡೆಯುತ್ತಿದ್ದರು. ಅಲ್ಲಿಯವರೆಗೆ ನಾನು ಅವರಿಗೆ ಹೀಗೆ ಮಾಡಿ ಎಂದು ಹೇಳಿದವಳೇ ಅಲ್ಲ. ಮನೆಗೆ ಬಂದ ಮೇಲೆ ಮತ್ತೆ ಅವರು ಹೇಳುವವರು, ನಾನು ಕೇಳುವವಳು. ಅದಕ್ಕೇ ಅಮಾವಾಸ್ಯೆ ಬರಲೆಂದು ನಾನೂ ಒಳಗೊಳಗೇ ಕಾಯತೊಡಗಿದ್ದೆ.

ಕಾಲುಂಗುರಗಳನ್ನು ಪ್ರತಿ ಸಲ ತೆಗೆದು ಹಾಕಿ ಬೆರಳು ಹುಣ್ಣಾಯಿತು. "ಬಿಡು ಅತ್ಲಾಗೆ, ಮುಂದಿನ ತಿಂಗಳು ಮತ್ತೆ ತೆಗೀಬೇಕು" ಎಂದರು. ದೇವರ ಮನೆಯಲ್ಲಿ ವಿಭೂತಿ ಗಟ್ಟಿಯ ಪಕ್ಕದ ಬಟ್ಟಲಿನಲ್ಲಿ ಇಟ್ಟೆ. ಸೀರೆಯ ನೆರಿಗೆ ಇಳಿಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ.

ಸಂಕ್ರಾಂತಿಗೆ ಮುಂಚಿನ ಅಮಾವಾಸ್ಯೆಗೆ ಚಿನ್ನ ಸಿಕ್ಕಿತು. ಅಲೆ ಕಾಲಿಗೆ ಬಡಿಯುವಷ್ಟು ಮುಂದೆ ಹೋಗಿದ್ದೆವು. ದನಿ ಬಹಳ ಸಣ್ಣಗೆ ಏರಿ ಇಳಿಯಿತು. ನನಗೇ ಅನುಮಾನವಾಗಿ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದೆ. "ತೋಡಿ" ಎಂದೆ. ತೂತು ಕೊರೆದ ಸಲಿಕೆಯಲ್ಲಿ ಅವರು ತೋಡಿದಂತೆಲ್ಲ ಅಲೆ ಬಂದು ಗುಂಡಿ ಮುಚ್ಚುತ್ತಿತ್ತು. "ಇಲ್ಲ ಕಣೇ" ಎಂದರು. "ಇದೆ, ತೋಡಿ" ಎಂದೆ. ಕಡೆಗೆ ಸಲಿಕೆಯಿಂದ ಮರಳೆಲ್ಲ ಸೋರಿಹೋಗಿ ತಳದಲ್ಲೊಂದು ಉಂಗುರ ಉಳಿಯಿತು. ಸಾದಾ ಉಂಗುರ, ಕಲ್ಲಿಲ್ಲ, ಹೆಸರಿಲ್ಲ. ದಂಡೆಯ ಯುವಕನನ್ನೂ ಅಂಗಡಿಯವರನ್ನೂ ಕೇಳಿದೆವು. ಯಾರೂ ಹುಡುಕಿಕೊಂಡು ಬಂದಿರಲಿಲ್ಲ. ಬಸ್ಸಿನಲ್ಲಿ ಅದನ್ನು ಕಿರುಬೆರಳಿಗೆ ಹಾಕಿಕೊಂಡು ತಿರುಗಿಸುತ್ತಾ, "ಕೇಳಿಸ್ಕೊಂಡಿದ್ದು ನೀನು" ಎಂದರು. ಆ ಒಂದು ಮಾತು ಸಾಕೆನಿಸಿತ್ತು ನನಗೆ.

ಸಂಕ್ರಾಂತಿಯ ದಿನ ಎಳ್ಳು ಬೀರಲು ಚಿಕ್ಕಲಸಂದ್ರಕ್ಕೆ ಹೋದೆವು. ನಾನು ತಟ್ಟೆಗೆ ಸಕ್ಕರೆ ಅಚ್ಚು ಇಡುತ್ತಿದ್ದೆ. ನಿಮ್ಮ ತಾತ ಜೇಬಿನಿಂದ ಉಂಗುರ ತೆಗೆದು ಅಕ್ಕನ ಬೆರಳಿಗೆ ಹಾಕಿದರು. "ರಿಟೈರ್ ಆದ ದುಡ್ಡಲ್ಲಿ ನಿಂಗೆ ಅಂತ ಮಾಡಿಸ್ದೆ ಅಕ್ಕ." ಗೌರಮ್ಮನ ಕಣ್ಣು ತುಂಬಿತು. "ನನ್ ತಮ್ಮ ಚಿನ್ನ" ಎಂದರು. ನಿಮ್ಮ ತಾತ ನನ್ನ ಕಡೆ ನೋಡಲಿಲ್ಲ. ನಾನು ಎಳ್ಳುಬೆಲ್ಲದ ತಟ್ಟೆಯನ್ನು ಮುಂದಕ್ಕೆ ಸರಿಸಿದೆ.

ಶಿವರಾತ್ರಿಯ ಮಾರನೆಯ ದಿನದ ಅಮಾವಾಸ್ಯೆಗೂ ಹೋಗಿ ಬಂದೆವು. ಬಂದ ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಚಪ್ಪಲಿ ಮೆಟ್ಟಿದವರು ಬಾಗಿಲಲ್ಲೇ ಕುಸಿದರು. ನಾಗರಾಜ ಓಡಿ ಬಂದು ಆಟೊ ತಂದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಇದರ ಬಗ್ಗೆ ಹೆಚ್ಚು ಬರೆಯಲಾರೆ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ನಡುಮನೆಯ ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸಿದ್ದರು. ಎದ್ದು ಮಾತಾಡುತ್ತಾರೇನೋ ಎಂಬಂತೆ ಕೂತಿದ್ದರು. ನಮ್ಮಲ್ಲಿ ಸೂತಕವೂ ಇಲ್ಲ ಎಂದು ಹೇಳುತ್ತಾರೆ, ಮಠದಲ್ಲಿ ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವಳು ನಾನು. ಆದರೂ ಶವ ಎತ್ತುವ ಮುಂಚೆ ಗೌರಮ್ಮ ಎಣ್ಣೆಯ ಬಟ್ಟಲು ಹಿಡಿದು ನನ್ನ ಮುಂದೆ ಕೂತರು. ಬಳೆ ತೆಗೆದಾಗಿತ್ತು, ತಾಳಿ ತೆಗೆದಾಗಿತ್ತು.

"ಕಾಲು ನೀಡು ಶಿವಮ್ಮ."

ನೀಡಿದೆ. ಅವರು ನೆರಿಗೆ ಸರಿಸಿದರು. ಎಣ್ಣೆಗೆ ಅದ್ದಿದ ಬೆರಳು ಹಾಗೇ ನಿಂತಿತು.

"ಎಲ್ಲಿ?"

ನಾನು ನೆರಿಗೆಯನ್ನು ಪಾದದ ಮೇಲೆ ಎಳೆದುಕೊಂಡೆ.

"ಕಾಲುಂಗುರ ಎಲ್ಲೇ?"

"ದೇವರ ಮನೇಲಿದ್ದಾವೆ."

"ಯಾವಾಗ ತೆಗೆದೆ?"

ಗೌರಮ್ಮ ಎದ್ದು ನಿಂತರು. ನಡುಮನೆ, ಮೆಟ್ಟಿಲು, ಹೊರಗಿನ ಶಾಮಿಯಾನ, ಎಲ್ಲ ಕಡೆ ಜನ. ಜಯನಗರದ ಬೀಗರೂ ಇದ್ದರು. ತಮ್ಮನಿಗೆ ಕೂಗಿ ಕೂಗಿ ಹದವಾಗಿದ್ದ ಆ ಗಂಟಲು.

"ನೋಡ್ರಮ್ಮ ಇವಳ ಬೆರಳು. ಗಾಯ ಕೂಡ ಆರಿಹೋಗಿದೆ. ನನ್ ತಮ್ಮ ಉಸಿರಾಡ್ತಿದ್ದಾಗಲೇ ಮುಂಡೆಯಾಗಿ ಕೂತಿದ್ಲು ಇವಳು. ಇನ್ನೇನು ಉಳೀತಾನೆ ಅವನು?"

ನನ್ನ ಪಾದದ ಕಡೆ ನೀಡಿದ ಆ ಬೆರಳಿನಲ್ಲೇ ಉಂಗುರ ಇತ್ತು, ನಾನು ಅಲೆಯ ಕೆಳಗೆ ಕೇಳಿಸಿಕೊಂಡ ಉಂಗುರ. ಕ್ರಿಯೆಗೆ ಬಂದಿದ್ದ ವಯಸ್ಸಾದ ಅಯ್ಯನವರು, "ಲಿಂಗ ಕಟ್ಟಿದವರಿಗೆ ಇದ್ಯಾವುದೂ ಇಲ್ಲ ತಾಯಿ, ಬಿಡಿ" ಎಂದರು. "ನೀವು ಮಂತ್ರ ಹೇಳಿ ಬುದ್ಧಿ, ಇದು ಹೆಂಗಸರ ವಿಷಯ" ಎಂದು ಗೌರಮ್ಮ ಅವರ ಬಾಯಿ ಮುಚ್ಚಿಸಿದರು.

ನಾನು ಗೋಡೆಗೆ ಒರಗಿ ಕೂತವರನ್ನು ನೋಡಿದೆ. ಹೇಳಬೇಕಾದವರು ಅವರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ಶಶಿಯನ್ನು ನೋಡಿದೆ. ಅವನೂ ನನ್ನನ್ನು ನೋಡಿದ. ಎಣ್ಣೆ ತಂದುಕೊಟ್ಟವನು ಅವನು, ಜೇಬಿಗೆ ಹಾಕಿಕೊಂಡವನು ಅವನು. ಒಂದು ಮಾತು ಸಾಕಿತ್ತು. "ಹೂವಿನವನು ಎಲ್ಲಿದಾನೋ ನೋಡ್ತೀನಿ" ಎಂದು ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದ.

ಕೆಲವು ದಿನ ಬಿಟ್ಟು ಒಂದೇ ಒಂದು ಸಲ ಕೇಳಿದೆ. "ನೀನಿದ್ದೆಯಲ್ಲಪ್ಪ ಅಲ್ಲಿ."

"ಈಗ ಹೇಳಿದ್ರೆ ಎಲ್ಲಾನೂ ಹೇಳ್ಬೇಕಾಗುತ್ತಮ್ಮ. ಅಪ್ಪ ಮರಳಲ್ಲಿ ಬಾಟ್ಲಿ ಮುಚ್ಚಳ ಹೆಕ್ತಿದ್ರು ಅಂತ ಮಾವನ ಮುಂದೆ ಹೇಳ್ಲಾ? ಅತ್ತೆಗೆ ಆ ಉಂಗುರ ಎಲ್ಲಿಂದ ಬಂತು ಅಂತ ಹೇಳ್ಲಾ? ಹೋದೋರ ಮರ್ಯಾದೆ ಉಳೀಲಿ ಬಿಡು."

ಇದ್ದವಳ ಮರ್ಯಾದೆಯ ಮಾತು ಅವನ ಬಾಯಲ್ಲಿ ಬರಲಿಲ್ಲ. ಯಂತ್ರವನ್ನು ಬಿ.ಟಿ.ಎಂ. ಲೇಔಟಿನ ಯಾರಿಗೋ ಮಾರಿಬಿಟ್ಟ. ಮನೆಬಾಡಿಗೆ ಉಳಿಯುತ್ತದೆಂದು ಎಲ್ಲರೂ ಇಟ್ಟಮಡುವಿಗೆ ಬಂದರು.

ಆ ಬೇಸಿಗೆಯಲ್ಲಿ ಮಾನ್ಯಾ ಹುಟ್ಟಿದಳು. ಬನಶಂಕರಿಯ ಕಲ್ಯಾಣ ಮಂಟಪದಲ್ಲಿ ತೊಟ್ಟಿಲಿಗೆ ಹಾಕಿದರು. ನಿನ್ನ ಹೆಸರನ್ನು ನಾನು ಗೋಡೆಯ ಆಚೆಯಿಂದ ಕೇಳಿದೆ ಮಾನ್ಯಾ. ಅಡುಗೆಯವರ ಹತ್ತಿರ ತಟ್ಟೆಗಳನ್ನು ನೋಡಿಕೊಳ್ಳಲು ನನ್ನನ್ನು ಕೂರಿಸಿದ್ದರು. "ಅತ್ತೆ ಏನಾದ್ರೂ ಅಂದಾರು, ಸುಮ್ನೆ ಯಾಕೆ" ಎಂದಿದ್ದ ನಿಮ್ಮಪ್ಪ. ಅಂದಿನಿಂದ ಇಂದಿನವರೆಗೆ ಎಲ್ಲ ಶುಭಕಾರ್ಯಗಳಲ್ಲಿ ನನ್ನ ಜಾಗ ಅದೇ. ಗಂಡ ಹೋದವಳೆಂದು ಹಿಂದೆ ಕೂರಿಸುವವರು ಈ ಊರಿನಲ್ಲಿ ಈಗ ಕಡಿಮೆ. ಗಂಡನನ್ನು ಕಳುಹಿಸಿದವಳೆಂದು ಕೂರಿಸಿದ್ದಾರೆ ನನ್ನನ್ನು.

ಹೋದ ಭಾನುವಾರ ಗೌರಮ್ಮ ಬಂದಿದ್ದರು. ಸುಹಾಸನ ಲಿಂಗದೀಕ್ಷೆಯ ಮಾತುಕತೆ. ಬೀಗರೂ ಬಂದಿದ್ದರು. ನೀವಿಬ್ಬರೂ ಕೆಳಗೆ ಆಡುತ್ತಿದ್ದಿರಿ. ಕಾಫಿ ಕುಡಿಯುತ್ತಾ ಗೌರಮ್ಮ ಮೂಗು ಮುರಿದು, "ಏನಮ್ಮಾ ಇದು ಹೊಲಸು ವಾಸನೆ, ಕಿಟಕಿ ಹಾಕು" ಎಂದರು. ಆಮೇಲೆ, "ಶಿವಮ್ಮ, ದೀಕ್ಷೆ ದಿನ ನೀನು ಅಡುಗೆಯವರನ್ನ ನೋಡ್ಕೋ" ಎಂದರು.

ಹೇಗೆ ಬಾಯಿ ಬಂತೋ ಗೊತ್ತಿಲ್ಲ. ಎಲ್ಲರೂ ಇದ್ದರು. ನಾನು ಲೋಟಗಳನ್ನು ಕೆಳಗಿಟ್ಟು, "ನಾನು ತೆಗೀಲಿಲ್ಲ ಗೌರಮ್ನೋರೇ. ಅವರೇ ತೆಗೆದ್ರು. ಸಮುದ್ರದ ದಂಡೇಲಿ ಮಂಡಿ ಊರಿ ಕೂತು ಅವರೇ ತೆಗೆದ್ರು. ಕೇಳಿ ಬೇಕಾದ್ರೆ, ಶಶಿ ಇದ್ದ" ಎಂದೆ.

ರೂಪ ಗಂಡನ ಮುಖ ನೋಡಿದಳು. ಬೀಗರು ಕನ್ನಡಕ ತೆಗೆದು ಒರೆಸಿಕೊಂಡರು.

"ಹೌದೇನೋ ಶಶಿ?" ಎಂದರು ಗೌರಮ್ಮ. ಅವರ ದನಿ ಆಗ ಮೆತ್ತಗಿತ್ತು. ಹೌದು ಎಂದಿದ್ದರೆ ನಂಬುತ್ತಿದ್ದರು. ಅಷ್ಟು ಹೊತ್ತಿನ ಮಟ್ಟಿಗೆ ನಾನೂ ಆಸೆಪಟ್ಟೆ.

ಶಶಿ ಬಿಸ್ಕತ್ತನ್ನು ಕಾಫಿಗೆ ಅದ್ದಿದ. "ಎಷ್ಟೋ ದಿನ ಆಯ್ತಲ್ಲ ಅತ್ತೆ. ನಂಗೆ ಸರಿಯಾಗಿ ನೆನಪಿಲ್ಲ" ಎಂದ.

ಗೌರಮ್ಮ ನನ್ನ ಕಡೆ ತಿರುಗಿ ಒಂದು ಸಲ ತಲೆಯಾಡಿಸಿದರು, ಮರುಕಪಟ್ಟವರಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ರಾತ್ರಿ ನಿಮ್ಮಪ್ಪ ಊಟಕ್ಕೆ ಕೂತಾಗ ತಲೆ ಎತ್ತದೆ ಸಾರು ಕೇಳಿದ. ಬಡಿಸಿದೆ.

ಮಕ್ಕಳೇ, ನಿಮ್ಮಪ್ಪ ಕೆಟ್ಟವನಲ್ಲ. ನಿಮಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದು ಕೂರುತ್ತಾನೆ. ನನ್ನ ಮಾತ್ರೆ ಮುಗಿಯುವ ಮುಂಚೆ ತಂದಿಡುತ್ತಾನೆ. ಆದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ. ಅದನ್ನು ನಾನು ಮನ್ನಿಸಿಲ್ಲ, ಮನ್ನಿಸಿದ್ದೇನೆಂದು ಇಲ್ಲಿ ಬರೆಯುವುದೂ ಇಲ್ಲ.

ಸುಹಾಸ, ಬರುವ ಸೋಮವಾರ ನಿನ್ನ ದೀಕ್ಷೆ. ನಾನು ಅಡುಗೆಯವರ ಹತ್ತಿರ ಹೋಗುವುದಿಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಿನ್ನ ಎದುರಿಗೆ ಮೊದಲ ಸಾಲಿನಲ್ಲಿ ಕೂರುತ್ತೇನೆ. ಏಳು ಎಂದರೆ ನನಗೆ ಜಗಳವಾಡಲು ಬರುವುದಿಲ್ಲ, ಎದ್ದುಬಿಡುತ್ತೇನೆ. ನೀನು ಏನೂ ಹೇಳಬೇಡ. ಅಳಬೇಡ. ನನ್ನನ್ನು ಎಬ್ಬಿಸಲು ಬಂದವರು ಯಾರು ಎಂಬುದನ್ನಷ್ಟೇ ನೋಡಿಟ್ಟುಕೋ.